ಅಪ್ಪನಿಗೆ ಆಗಿದ್ದು ವಾಯು ಅಲ್ಲ

ಅಮೆರಿಕದಲ್ಲಿ ಹೊಸ ವೈದ್ಯರ ಬಳಿಗೆ ಹೋದಾಗಲೆಲ್ಲ ತುಂಬಿಕೊಡಬೇಕಾದ ಅರ್ಜಿಯಲ್ಲಿ ತಂದೆ, ತಾಯಿ, ಒಡಹುಟ್ಟಿದವರ ಕಾಯಿಲೆಗಳ ಬಗ್ಗೆ ಕೇಳುವ ಒಂದು ಭಾಗವಿರುತ್ತದೆ. 1998ರಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋದ ನನ್ನ ಅಣ್ಣ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅಂಥ ಅರ್ಜಿಯನ್ನು ನಾಲ್ಕೈದು ಬಾರಿ ತುಂಬಿದ್ದ. ಪ್ರತಿ ಬಾರಿಯೂ ‘ಹೃದ್ರೋಗ’ ಎಂಬ ಸಾಲಿನ ಎದುರು ‘ಇಲ್ಲ’ ಎಂದೇ ಗುರುತು ಹಾಕಿದ್ದ. ಅವನು ಸುಳ್ಳು ಬರೆದಿರಲಿಲ್ಲ. ನಮ್ಮ ಮನೆತನದಲ್ಲಿ ಯಾರಿಗೂ ಹೃದಯದ ಕಾಯಿಲೆ ಇಲ್ಲವೆಂದೇ ನಾವೆಲ್ಲರೂ ನಂಬಿದ್ದೆವು.

2019ರ ಅಕ್ಟೋಬರಿನಲ್ಲಿ, ಕಾವೇರಿ ಸಂಕ್ರಮಣ ಕಳೆದು ವಾರವಾಗಿರಲಿಲ್ಲ, ಒಂದು ಬೆಳಿಗ್ಗೆ ಹತ್ತೂವರೆಗೆ ಅತ್ತಿಗೆಯ ಕರೆ ಬಂತು. ಅಲ್ಲಿ ಹಿಂದಿನ ರಾತ್ರಿ ಹತ್ತು ಗಂಟೆ. ಅಣ್ಣನಿಗೆ ಹೃದಯಾಘಾತವಾಗಿ, ಮುಚ್ಚಿಹೋಗಿದ್ದ ಮುಖ್ಯ ರಕ್ತನಾಳವನ್ನು ತೆರೆದು ಸ್ಟೆಂಟ್ ಹಾಕಿದ್ದರು. ಅವನಿಗೆ ಆಗ 48 ವರ್ಷ. ಅತ್ತಿಗೆ ಅಳುತ್ತಿರಲಿಲ್ಲ, ಆದರೆ ಅವರ ದನಿ ಬಹಳ ನಿಧಾನವಾಗಿತ್ತು. ‘ಡಾಕ್ಟರು ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದಾರೆ, ಮಾವನವರು ತೀರಿಕೊಂಡದ್ದು ಯಾವುದರಿಂದ ಅಂತ. ನಾನು ಏನು ಹೇಳಲಿ?’ ಎಂದರು. ಇಪ್ಪತ್ತಾರು ವರ್ಷಗಳಿಂದ ಎಲ್ಲರಿಗೂ ಹೇಳಿಕೊಂಡು ಬಂದ ಉತ್ತರವನ್ನೇ ಹೇಳಲು ಬಾಯಿ ತೆರೆದ ನಾನು, ‘ವಾಯು’ ಎಂಬ ಆ ಎರಡಕ್ಷರದ ನಡುವೆಯೇ ನಿಂತುಬಿಟ್ಟೆ.

ಅಪ್ಪ ತೀರಿಕೊಂಡದ್ದು 1993ರ ಫೆಬ್ರವರಿಯಲ್ಲಿ, ರೊಬಸ್ಟಾ ಕೊಯ್ಲಿನ ನಡುವೆ. ಕೊಡಗಿನ ಸುಂಟಿಕೊಪ್ಪದ ಸಮೀಪದ ಒಂದು ಕಾಫಿ ತೋಟದಲ್ಲಿ ಅವರು ರೈಟರ್ ಆಗಿದ್ದರು. ಬೆಳಿಗ್ಗೆ ಕಾರ್ಮಿಕರ ಲೈನ್ ಮನೆಗಳ ಎದುರು ಹಾಜರಿ ಕರೆಯುವುದು, ಹಗಲೆಲ್ಲ ಮೇಸ್ತ್ರಿಯ ಜೊತೆ ಇಳಿಜಾರುಗಳನ್ನು ಹತ್ತಿ ಇಳಿಯುವುದು, ಸಂಜೆ ಕೊಯ್ದ ಹಣ್ಣನ್ನು ಅಳೆದು ಬರೆದುಕೊಳ್ಳುವುದು, ರಾತ್ರಿ ಲೆಕ್ಕದ ಪುಸ್ತಕ ತೆರೆದು ಕೂರುವುದು ಅವರ ದಿನಚರಿ. ಆಗ ಅವರಿಗೆ 54 ವರ್ಷ. ಎರಡು ದಿನಗಳಿಂದ ಎದೆಯುರಿಯೆಂದು, ಎಡ ತೋಳಿನಲ್ಲಿ ಸೆಳೆತವೆಂದು ಹೇಳುತ್ತಿದ್ದರು. ಅವ್ವ ಜೀರಿಗೆ ಕಷಾಯ ಮಾಡಿಕೊಟ್ಟಳು. ಪೇಟೆಯ ವೈದ್ಯರೊಬ್ಬರು ವಾಯುವೆಂದು ಹೇಳಿ ಮಾತ್ರೆ ಕೊಟ್ಟು ಕಳಿಸಿದರು. ಮೂರನೆಯ ದಿನ ಕಣದಲ್ಲಿ, ಒಣಗಲು ಹರವಿದ್ದ ಕಾಫಿಯ ಪಕ್ಕದಲ್ಲಿ ಕುಳಿತವರು ಮತ್ತೆ ಏಳಲಿಲ್ಲ. ಆ ವೈದ್ಯರ ಬಳಿ ಇಸಿಜಿ ಯಂತ್ರವಿರಲಿಲ್ಲ. ಅವರನ್ನು ದೂರಲು ನನಗೆ ಈಗಲೂ ಮನಸ್ಸಿಲ್ಲ. ಆದರೆ ಅಂದು ಅವರು ಹೇಳಿದ ಒಂದು ಮಾತನ್ನು ನಾವು ಪರೀಕ್ಷಿಸದೆ ಎತ್ತಿಟ್ಟುಕೊಂಡೆವು, ಬಂದವರಿಗೆಲ್ಲ ಅದನ್ನೇ ಹೇಳಿದೆವು, ಆಗ ಇಪ್ಪತ್ತೆರಡು ವರ್ಷದವನಾಗಿದ್ದ ಅಣ್ಣ ಐದು ವರ್ಷಗಳ ನಂತರ ವಿಮಾನ ಹತ್ತುವಾಗ ಆ ಮಾತನ್ನೂ ತನ್ನ ಜೊತೆ ಒಯ್ದ.

ಎಡ ತೋಳಿನ ಸೆಳೆತ ಎಂಬುದನ್ನು ನಾನೇ ಎಷ್ಟೋ ಸಲ ಹೇಳಿದ್ದೇನೆ. ಪ್ರೌಢಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು ನಾನು. ಹೃದಯದ ಚಿತ್ರವನ್ನು ಪ್ರತಿ ವರ್ಷ ಹಲಗೆಯ ಮೇಲೆ ಬರೆದಿದ್ದೇನೆ. ಆದರೂ ಅಪ್ಪನ ಸಾವಿನ ಕಥೆಯನ್ನು ಆ ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕೆಂದು ನನಗೆ ಹೊಳೆದದ್ದು ಅತ್ತಿಗೆ ದೂರದಿಂದ ಕೇಳಿದ ಆ ದಿನವೇ. ಈ ಬರಹವನ್ನು ಬರೆಯಬೇಕೆನಿಸಲು ಅದೇ ಕಾರಣ. ವಲಸೆ ಹೋದವರ ಹೃದಯದ ಬಗ್ಗೆ ಮಾತನಾಡುವಾಗ ಹೋದ ಊರಿನ ಊಟ, ಕಾರು, ಕೆಲಸದ ಒತ್ತಡಗಳ ಬಗ್ಗೆ ನಾವು ಬಹಳ ಹೇಳುತ್ತೇವೆ. ಅವರ ದೇಹದ ಅರ್ಧ ಚರಿತ್ರೆ ಇಲ್ಲಿ ಉಳಿದವರ ಬಳಿಯಿದೆ ಎಂಬುದನ್ನು, ಅದನ್ನು ನಾವು ಸರಿಯಾಗಿ ಇಟ್ಟುಕೊಂಡಿಲ್ಲ ಎಂಬುದನ್ನು ಮರೆಯುತ್ತೇವೆ.

ಅಣ್ಣ ಚೇತರಿಸಿಕೊಳ್ಳುತ್ತಿದ್ದ ತಿಂಗಳುಗಳಲ್ಲಿ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮವರು ದೇಶ ಬಿಟ್ಟು ಹೋದಲ್ಲೆಲ್ಲ ಹೃದ್ರೋಗ ಅವರನ್ನು ಹೆಚ್ಚಾಗಿ ಕಾಡುತ್ತದೆಂಬುದು ಹೊಸ ಸಂಗತಿಯೇನಲ್ಲವೆಂದು ಆಗ ತಿಳಿಯಿತು. 1959ರಲ್ಲೇ ಸಿಂಗಪುರದ ವೈದ್ಯರು ಮರಣೋತ್ತರ ಪರೀಕ್ಷೆಗಳ ದಾಖಲೆಗಳನ್ನು ನೋಡಿ, ಅಲ್ಲಿನ ಚೀನೀಯರು ಮತ್ತು ಮಲಯರಿಗಿಂತ ಭಾರತೀಯರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಎದ್ದು ಕಾಣುವಷ್ಟು ಹೆಚ್ಚೆಂದು ಬರೆದಿದ್ದರು. ಅದೇ ವರ್ಷ ಉಗಾಂಡದ ಕಂಪಾಲದಿಂದಲೂ ಅಲ್ಲಿ ನೆಲೆಸಿದ್ದ ಏಷ್ಯನ್ನರ ಬಗ್ಗೆ ಇಂಥದೇ ವರದಿ ಬಂತು. ಸಿಂಗಪುರದ ಊಟ ಬೇರೆ, ಕಂಪಾಲದ ಹವೆ ಬೇರೆ, ಲಂಡನ್ನಿನ ಚಳಿ ಬೇರೆ. ಅಂದಮೇಲೆ ಹೋದ ಊರೊಂದನ್ನೇ ಹೊಣೆ ಮಾಡುವುದು ಹೇಗೆ?

ಹಾಗೆಂದು ಎಲ್ಲವನ್ನೂ ಹುಟ್ಟಿನ ಮೇಲೆ ಹೊರಿಸಲೂ ಆಗದು. 1965ರಲ್ಲಿ ಆರಂಭವಾದ ಒಂದು ದೊಡ್ಡ ಅಧ್ಯಯನದಲ್ಲಿ ಹಿರೋಶಿಮಾ ಮತ್ತು ನಾಗಸಾಕಿಯಲ್ಲಿ ಉಳಿದ ಜಪಾನೀ ಗಂಡಸರನ್ನು, ಹವಾಯಿಯ ಹೊನಲುಲುವಿಗೆ ವಲಸೆ ಹೋದ ಮನೆತನಗಳವರನ್ನು, ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ನೆಲೆಸಿದವರನ್ನು ಜೊತೆಯಾಗಿಟ್ಟು ನೋಡಿದರು. ಒಂದೇ ಜನಾಂಗ, ಆದರೆ ಜಪಾನಿನಿಂದ ಹವಾಯಿಗೆ, ಅಲ್ಲಿಂದ ಕ್ಯಾಲಿಫೋರ್ನಿಯಕ್ಕೆ ಬಂದಂತೆ ಹೃದ್ರೋಗ ಮೆಟ್ಟಿಲು ಹತ್ತಿದಂತೆ ಏರುತ್ತಿತ್ತು. ಮೈಕೆಲ್ ಮಾರ್ಮಟ್ ಮತ್ತು ಲೆನಾರ್ಡ್ ಸೈಮ್ 1976ರಲ್ಲಿ ಕ್ಯಾಲಿಫೋರ್ನಿಯದ 3,809 ಜಪಾನೀ ಮೂಲದವರನ್ನು ಇನ್ನಷ್ಟು ಹತ್ತಿರದಿಂದ ನೋಡಿದಾಗ, ತಮ್ಮವರ ನಡುವೆಯೇ ಬೆಳೆದು ತಮ್ಮ ಸಮುದಾಯದ ಕಟ್ಟನ್ನು ಉಳಿಸಿಕೊಂಡವರಲ್ಲಿ ಕಾಯಿಲೆ ಜಪಾನಿನಷ್ಟೇ ಕಡಿಮೆಯಿತ್ತು. ಅದರಿಂದ ಬಹಳ ದೂರ ಸರಿದವರಲ್ಲಿ ಮೂರರಿಂದ ಐದು ಪಟ್ಟು ಹೆಚ್ಚಿತ್ತು. ಊಟ, ಸಿಗರೇಟು, ರಕ್ತದೊತ್ತಡಗಳ ಲೆಕ್ಕವನ್ನು ಕಳೆದ ಮೇಲೂ ಆ ಅಂತರ ಪೂರ್ತಿಯಾಗಿ ಅಳಿಸಿಹೋಗಲಿಲ್ಲ.

ಇದನ್ನು ಓದಿದಾಗ ನನಗೆ ಮೊದಲು ಸಮಾಧಾನವಾಯಿತು, ನಂತರ ಅನುಮಾನ ಬಂತು. ಅಣ್ಣ ತನ್ನವರಿಂದ ದೂರ ಸರಿದವನೇ ಅಲ್ಲ. ಅವನಿರುವ ಊರಿನಲ್ಲಿ ಕೊಡಗಿನವರೆಲ್ಲ ಸೇರಿ ಸುಗ್ಗಿಯ ಹಬ್ಬವಾದ ಹುತ್ತರಿ ಮಾಡುತ್ತಾರೆ, ಕೈಲ್‌ಪೊಳ್ದ್ ದಿನ ಯಾರದಾದರೂ ಮನೆಯ ಹಿತ್ತಲಿನಲ್ಲಿ ಅಕ್ಕಿತರಿಯ ಕಡಂಬುಟ್ಟು ಬೇಯುತ್ತದೆ, ಊರಿನಿಂದ ಹೋಗುವವರು ಯಾರೇ ಇರಲಿ ಅವರ ಚೀಲದಲ್ಲಿ ಕಾಚಂಪುಳಿ ಎಂಬ ನಮ್ಮ ಹುಳಿರಸದ ಒಂದು ಸೀಸೆ ಅವನಿಗಾಗಿ ಇದ್ದೇ ಇರುತ್ತದೆ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ನೂಲ್‌ಪುಟ್ಟು, ವಾರದ ಕೊನೆಯಲ್ಲಿ ಪಂದಿಕರಿ. ಅಪ್ಪನ ತಟ್ಟೆಯಲ್ಲಿದ್ದದ್ದೇ ಅವನ ತಟ್ಟೆಯಲ್ಲಿಯೂ ಇತ್ತು. ಇಲ್ಲದೆ ಹೋದದ್ದು ಅಪ್ಪನ ಕಾಲಿನ ಕೆಲಸ. ತೋಟದ ಏರುತಗ್ಗುಗಳಲ್ಲಿ ದಿನವಿಡೀ ನಡೆಯುವ ದೇಹಕ್ಕಾಗಿ ರೂಪುಗೊಂಡ ಊಟವನ್ನು ಅವನು ಕಾರಿನಿಂದ ಕುರ್ಚಿಗೆ, ಕುರ್ಚಿಯಿಂದ ಕಾರಿಗೆ ಹೋಗುವ ದೇಹಕ್ಕೆ ಬಡಿಸುತ್ತಿದ್ದ. ನಮ್ಮ ಸಂಪ್ರದಾಯದಲ್ಲಿ ಊಟವೂ ಇತ್ತು, ನಡಿಗೆಯೂ ಇತ್ತು, ಕೂಡಿ ಬಾಳುವುದೂ ಇತ್ತು. ಮೂರರಲ್ಲಿ ನಡಿಗೆಯನ್ನು ಇಲ್ಲೇ ಬಿಟ್ಟು ಹೋಗಿ ಸಂಪ್ರದಾಯ ಉಳಿಸಿಕೊಂಡೆವು ಎನ್ನುವುದು ಸರಿಯಲ್ಲವೆಂದು ನನಗನ್ನಿಸುತ್ತದೆ.

ಅಣ್ಣ ದಪ್ಪಗಿದ್ದಾನೆಂದು ಯಾರಾದರೂ ಊಹಿಸಿದರೆ ತಪ್ಪು. ಅವನ ತೂಕ 66 ಕಿಲೋ, ಎತ್ತರ 170 ಸೆಂಟಿಮೀಟರ್. ತೂಕ ಮತ್ತು ಎತ್ತರದಿಂದ ತೆಗೆಯುವ ಬಿಎಂಐ ಸೂಚಿಯಲ್ಲಿ ಅದು 22.8 ಆಗುತ್ತದೆ, 25ರವರೆಗೂ ಚಿಂತೆಯಿಲ್ಲವೆಂಬ ಸಾಮಾನ್ಯ ಅಳತೆಯ ಪ್ರಕಾರ ಅವನು ನಿಶ್ಚಿಂತೆಯಿಂದ ಇರಬಹುದಿತ್ತು. ಆದರೆ ಅವನ ಸೊಂಟದ ಸುತ್ತಳತೆ 93 ಸೆಂಟಿಮೀಟರ್ ಇತ್ತು, ದಕ್ಷಿಣ ಏಷ್ಯದ ಗಂಡಸರಿಗೆ ಹೇಳುವ ಎಚ್ಚರಿಕೆಯ ಗೆರೆ 90. ಪುಣೆಯ ಸಿ. ಎಸ್. ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಎಂಬ ಇಬ್ಬರು ವೈದ್ಯವಿಜ್ಞಾನಿಗಳು 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸಿದರು. ಇಬ್ಬರ ಬಿಎಂಐಯೂ 22. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರ ದೇಹದಲ್ಲಿ ಶೇ. 21.2. ನೋಡಲು ತೆಳ್ಳಗಿದ್ದೂ ಹೊಟ್ಟೆಯ ಒಳಗೆ, ಯಕೃತ್ತಿನ ಸುತ್ತ ಕೊಬ್ಬು ತುಂಬಿಕೊಂಡಿರುವ ಈ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ರಕ್ತದಲ್ಲಿ ಸಕ್ಕರೆ ಮತ್ತು ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರುತ್ತವೆ, ರಕ್ತನಾಳವನ್ನು ಕಾಯುವ ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ. ಲಂಡನ್ನಿನ ಸೌತಾಲ್ ಬಡಾವಣೆಯಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನ ಎತ್ತಿ ತೋರಿಸಿದ್ದೂ ಇದನ್ನೇ: ದಕ್ಷಿಣ ಏಷ್ಯದವರಲ್ಲಿ ಮಧುಮೇಹ ಅಲ್ಲಿನ ಯುರೋಪಿಯನ್ನರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು, ಕೊಬ್ಬು ಸೊಂಟದ ಸುತ್ತಲೇ ಹೆಚ್ಚು. ಜಪಾನೀಯರನ್ನು ಅಧ್ಯಯನ ಮಾಡಿದ್ದ ಮಾರ್ಮಟ್ ಅವರೇ ಈ ತಂಡದಲ್ಲಿಯೂ ಇದ್ದರು. ಏಷ್ಯದವರಿಗೆ ಬಿಎಂಐ 23ರಿಂದಲೇ ಎಚ್ಚರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಾಲೋಚನೆ 2004ರಲ್ಲಿ ಹೇಳಿತು. ಆ ಹೊತ್ತಿಗೆ ಅಣ್ಣ ಕ್ಯಾಲಿಫೋರ್ನಿಯದಲ್ಲಿ ಆರು ವರ್ಷ ಕಳೆದಿದ್ದ.

ನನ್ನನ್ನು ಹೆಚ್ಚು ದಿನ ಹಿಡಿದು ನಿಲ್ಲಿಸಿದ್ದು ಮಾತ್ರ 1995ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ. ಅದು ಒಡಹುಟ್ಟಿದವರ ಅಧ್ಯಯನ. ಪಶ್ಚಿಮ ಲಂಡನ್ನಿನಲ್ಲಿ ನೆಲೆಸಿದ್ದ ಭಾರತೀಯ ಮೂಲದ 247 ಮಂದಿಯನ್ನು ಪರೀಕ್ಷಿಸಿದ ಸಂಶೋಧಕರು, ಪಂಜಾಬಿನಲ್ಲಿ ಉಳಿದಿದ್ದ ಅವರ ಅಣ್ಣ, ತಮ್ಮ, ಅಕ್ಕ, ತಂಗಿಯರಲ್ಲಿ 117 ಮಂದಿಯನ್ನೂ ಹುಡುಕಿ ಪರೀಕ್ಷಿಸಿದರು. ಹೋದವರಲ್ಲಿ ತೂಕ, ರಕ್ತದೊತ್ತಡ, ಕೊಲೆಸ್ಟ್ರಾಲ್, ರಕ್ತದ ಸಕ್ಕರೆ ಎಲ್ಲವೂ ಉಳಿದವರಿಗಿಂತ ಹೆಚ್ಚಿದ್ದವು, ಅದು ನಿರೀಕ್ಷಿಸಬಹುದಾದದ್ದೇ. ಆದರೆ ಲಿಪೊಪ್ರೋಟೀನ್ ಎ ಎಂದು ಕರೆಯುವ ಒಂದು ಕಣದ ಪ್ರಮಾಣ ಮಾತ್ರ ಲಂಡನ್ನಿನವರಲ್ಲಿಯೂ ಪಂಜಾಬಿನವರಲ್ಲಿಯೂ ಒಂದೇ ರೀತಿಯಲ್ಲಿ ಏರಿತ್ತು, ಯುರೋಪಿಯನ್ನರಿಗಿಂತ ಇಬ್ಬರಲ್ಲಿಯೂ ಹೆಚ್ಚಿತ್ತು. ಕೆಟ್ಟ ಕೊಲೆಸ್ಟ್ರಾಲಿನ ಕಣಕ್ಕೆ ಇನ್ನೊಂದು ಪ್ರೋಟೀನು ಅಂಟಿಕೊಂಡು ಆಗುವ ಈ ಕಣದ ಪ್ರಮಾಣವನ್ನು ಬಹುಪಾಲು ನಿರ್ಧರಿಸುವುದು ತಂದೆತಾಯಿಯಿಂದ ಬಂದ ವಂಶವಾಹಿ. ಊಟ, ವ್ಯಾಯಾಮಗಳಿಂದ ಅದು ಹೆಚ್ಚುಕಡಿಮೆ ಆಗುವುದು ತೀರಾ ಅಲ್ಪ. ಆದ್ದರಿಂದ ಜೀವನದಲ್ಲಿ ಒಮ್ಮೆ ಅಳೆದು ನೋಡಿದರೆ ಸಾಮಾನ್ಯವಾಗಿ ಸಾಕು.

ಅಣ್ಣನಿಗೆ ಹೃದಯಾಘಾತದ ನಂತರ ಆ ಪರೀಕ್ಷೆ ಮಾಡಿದ್ದರು. ಅವನ ಸಂಖ್ಯೆ ಲೀಟರಿಗೆ 181 ನ್ಯಾನೊಮೋಲ್. 125 ದಾಟಿದರೆ ಅಪಾಯ ಹೆಚ್ಚಿಸುವ ಅಂಶವೆಂದು ಪರಿಗಣಿಸುತ್ತಾರೆ. ನಾನು ಮೈಸೂರಿಗೆ ಹೋಗಿ ರಕ್ತ ಕೊಟ್ಟು ಬಂದೆ. ವಾರ ಕಳೆದು ಬಂದ ವರದಿಯಲ್ಲಿ ನನ್ನ ಸಂಖ್ಯೆ 168 ಎಂದಿತ್ತು. ಅಮೆರಿಕವನ್ನು ಕಣ್ಣಿನಿಂದಲೂ ಕಾಣದ, ಹುಟ್ಟಿದ ಊರಿನಿಂದ ಹದಿನೈದು ಕಿಲೋಮೀಟರ್ ಆಚೆಗೆ ಮನೆ ಮಾಡದ ನನ್ನ ರಕ್ತದಲ್ಲಿ ಅಣ್ಣನದೇ ಅಪಾಯ ಹರಿಯುತ್ತಿತ್ತು. ಆ ಕಾಗದವನ್ನು ಹಿಡಿದುಕೊಂಡು ನಾನು ಅಪ್ಪನನ್ನೇ ನೆನೆದೆ. ಅವ್ವನ ರಕ್ತವನ್ನು ಪರೀಕ್ಷಿಸಿದಾಗ ಅವಳ ಸಂಖ್ಯೆ ತೀರಾ ಕಡಿಮೆಯಿತ್ತು. ಹಾಗಾದರೆ ಇದು ಬಂದದ್ದು ಎಲ್ಲಿಂದ ಎಂಬುದರಲ್ಲಿ ಹೆಚ್ಚು ಅನುಮಾನಕ್ಕೆ ಎಡೆಯಿರಲಿಲ್ಲ. ಸತ್ತು ಇಪ್ಪತ್ತೇಳು ವರ್ಷಗಳಾದ ಮೇಲೆ, ಅಪ್ಪನಿಗೆ ಆಗಿದ್ದು ವಾಯುವಲ್ಲವೆಂಬುದಕ್ಕೆ ಮಕ್ಕಳಿಬ್ಬರ ರಕ್ತ ಸಾಕ್ಷಿ ಹೇಳಿದಂತಾಯಿತು.

ಇನ್ನೊಂದು ಸಾಕ್ಷಿ ಮೈಸೂರಿನದೇ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಮಿಷನ್ ಆಸ್ಪತ್ರೆ ಎಂದೇ ನಮಗೆಲ್ಲ ಪರಿಚಯವಿರುವ ಕಡೆ, 1934ರಿಂದ 1954ರ ನಡುವೆ ಹುಟ್ಟಿದ ಕೂಸುಗಳ ತೂಕವನ್ನು ದಾದಿಯರು ಪುಸ್ತಕಗಳಲ್ಲಿ ಜೋಪಾನವಾಗಿ ಬರೆದಿಟ್ಟಿದ್ದರು. ಆ ಪುಸ್ತಕಗಳ ಜಾಡು ಹಿಡಿದು, ಅದೇ ಸುತ್ತಮುತ್ತ ಬದುಕಿದ್ದ 517 ಮಂದಿಯನ್ನು ಹುಡುಕಿ ಅವರ ಹೃದಯವನ್ನು ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11ರಷ್ಟು ಮಂದಿಗೆ ಹೃದ್ರೋಗವಿತ್ತು, 3.1 ಕಿಲೋಗಿಂತ ಹೆಚ್ಚು ಇದ್ದವರಲ್ಲಿ ಅದು ಶೇ. 3. ಗರ್ಭದಲ್ಲಿ ಸಾಕಷ್ಟು ಪೋಷಣೆ ಸಿಗದ ಕೂಸು, ಸಿಕ್ಕಿದ್ದನ್ನು ಉಳಿಸಿಕೊಳ್ಳುವಂತೆ ತನ್ನ ದೇಹವನ್ನು ಹೊಂದಿಸಿಕೊಳ್ಳುತ್ತದೆಂದೂ, ಮುಂದೆ ಊಟ ಹೇರಳವಾಗಿ ಸಿಗುವ ಕಡೆ ಬದುಕಿದರೆ ಅದೇ ಹೊಂದಾಣಿಕೆ ಮುಳುವಾಗುತ್ತದೆಂದೂ ವಿಜ್ಞಾನಿಗಳು ವಿವರಿಸುತ್ತಾರೆ. ನಮ್ಮ ಅಜ್ಜಿ ಹೆರುವ ಹಿಂದಿನ ದಿನದವರೆಗೂ ಗದ್ದೆಯಲ್ಲಿ ನಾಟಿ ಮಾಡಿದವಳು. 1938ರಲ್ಲಿ ಅಪ್ಪ ಹುಟ್ಟಿದಾಗ ಯಾರೂ ತೂಗಿ ನೋಡಲಿಲ್ಲ. ‘ಅಂಗೈಯಷ್ಟಿದ್ದ’ ಎಂದು ಮಾತ್ರ ಅಜ್ಜಿ ಹೇಳುತ್ತಿದ್ದಳು, ಬದುಕಿ ಉಳಿದ ಮಗನ ಬಗ್ಗೆ ತಾಯಿಗಿರುವ ಹೆಮ್ಮೆಯಿಂದ.

ಸಮುದ್ರ ದಾಟಿದರೆ ಮಾತ್ರ ವಲಸೆ ಎಂಬ ಭಾವನೆಯೂ ಇಷ್ಟರಲ್ಲಿ ನನ್ನಿಂದ ಕಳಚಿಹೋಯಿತು. 2010ರಲ್ಲಿ ಪ್ರಕಟವಾದ ಭಾರತದ ವಲಸೆ ಅಧ್ಯಯನ ಲಖನೌ, ನಾಗಪುರ, ಹೈದರಾಬಾದ್ ಮತ್ತು ನಮ್ಮ ಬೆಂಗಳೂರಿನ ಕಾರ್ಖಾನೆಗಳಿಗೆ ಹಳ್ಳಿಯಿಂದ ಬಂದ ಕಾರ್ಮಿಕರನ್ನು, ಹಳ್ಳಿಯಲ್ಲೇ ಉಳಿದ ಅವರ ಒಡಹುಟ್ಟಿದವರ ಜೊತೆ ಹೋಲಿಸಿತು. ಹಳ್ಳಿಯಲ್ಲಿ ಉಳಿದ ಗಂಡಸರಲ್ಲಿ ಶೇ. 6.2 ಮಂದಿಗೆ ಮಧುಮೇಹವಿದ್ದರೆ, ಪಟ್ಟಣಕ್ಕೆ ಬಂದವರಲ್ಲಿ ಅದು ಶೇ. 14.3, ಪಟ್ಟಣದಲ್ಲೇ ಹುಟ್ಟಿ ಬೆಳೆದವರಷ್ಟೇ. ಕೊಡಗಿನಲ್ಲಿ ಯಾವ ಮನೆಯಲ್ಲಿ ಕೇಳಿದರೂ ಒಬ್ಬ ಮಗ ಬೆಂಗಳೂರಿನಲ್ಲಿದ್ದಾನೆ, ಒಬ್ಬ ಮಗಳು ಮೈಸೂರಿನಲ್ಲಿದ್ದಾಳೆ. ಹುತ್ತರಿಗೆ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರಿದಾಗ ಆಸ್ತಿಯ ಮಾತು, ಕಾಫಿ ದರದ ಮಾತು, ಮದುವೆಯ ಮಾತು ಬರುತ್ತವೆ. ಯಾರ ರಕ್ತನಾಳ ಯಾವ ವಯಸ್ಸಿನಲ್ಲಿ ಮುಚ್ಚಿತು ಎಂಬ ಮಾತು ಬರುವುದಿಲ್ಲ. ಮದುವೆಗೆ ಕಾದಿರುವ ಹೆಣ್ಣುಮಕ್ಕಳಿರುವ ಮನೆಯಲ್ಲಿ ಅದನ್ನು ಎತ್ತುವುದೇ ಅಶುಭವೆಂದು ಹಿರಿಯರು ಬಾಯಿ ಮುಚ್ಚಿಸುತ್ತಾರೆ.

ನಾನು ಎತ್ತಿದೆ. 2020ರ ಆರಂಭದಲ್ಲಿ ಅಣ್ಣನ ಮಗಳು, ಆಗಿನ್ನೂ ಕಾಲೇಜಿನಲ್ಲಿದ್ದವಳು, ‘ಅತ್ತೆ, ನನಗೊಂದು ಪಟ್ಟಿ ಬೇಕು. ಯಾರು, ಎಷ್ಟು ವಯಸ್ಸಿಗೆ, ಹೇಗೆ ಅಂತ’ ಎಂದು ಕೇಳಿದಳು. ಅಪ್ಪನ ಅಕ್ಕ, ಎಂಬತ್ತಾರರ ಹರೆಯದ ನನ್ನ ಸೋದರತ್ತೆ, ಸೋಮವಾರಪೇಟೆಯ ಹತ್ತಿರ ಮಗನ ಮನೆಯಲ್ಲಿದ್ದರು. ಎರಡು ಮಧ್ಯಾಹ್ನ ಅವರ ಬಳಿ ಕುಳಿತೆ. ಅವರಿಗೆ ಇಸವಿಗಳು ನೆನಪಿರಲಿಲ್ಲ. ಯಾವ ವರ್ಷ ಭಾರಿ ಮಳೆಗೆ ಗದ್ದೆಯ ಬದು ಕೊಚ್ಚಿಹೋಯಿತು, ಯಾರ ಮದುವೆಯ ಮರುವರ್ಷ ಯಾರು ಹೋದರು ಎಂಬುದು ನೆನಪಿತ್ತು. ಅಜ್ಜನ ತಮ್ಮ ನೊಗ ಹೊತ್ತು ಬರುವಾಗ ಬಿದ್ದದ್ದನ್ನು ‘ಗಾಳಿ ಸೋಕಿದ್ದು’ ಎಂದರು. ದೊಡ್ಡಪ್ಪ ಮಲಗಿದಲ್ಲೇ ಹೋದದ್ದನ್ನು ‘ಪುಣ್ಯವಂತ’ ಎಂದರು. ಬೆರಳು ಮಡಚಿ ಲೆಕ್ಕ ಹಾಕುತ್ತಾ ಹೋದಂತೆ ಒಬ್ಬರಿಗೆ 50, ಇನ್ನೊಬ್ಬರಿಗೆ 56, ಮತ್ತೊಬ್ಬರಿಗೆ 49 ಎಂದು ಬಂತು. ಹೆಂಗಸರ ಬಗ್ಗೆ ಕೇಳಿದಾಗ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರು ಸೋತು ಸೋತು ಹೋದರು ಎಂದಷ್ಟೇ ಹೇಳಿದರು. ಹೆಂಗಸರಲ್ಲಿ ಹೃದಯಾಘಾತ ಕೆಲವೊಮ್ಮೆ ಎದೆನೋವಿಲ್ಲದೆ ಸುಸ್ತು, ಉಸಿರುಕಟ್ಟುವಿಕೆ, ಬೆನ್ನು ಮತ್ತು ದವಡೆಯ ನೋವಾಗಿ ಬರುವುದುಂಟು. ಆ ಸೋಲಿನಲ್ಲಿ ಯಾವುದು ಏನಾಗಿತ್ತೆಂದು ಈಗ ಹೇಳುವವರು ಯಾರೂ ಇಲ್ಲ.

52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಎಂಬ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಮಧ್ಯಾಂಕ ವಯಸ್ಸು ದಕ್ಷಿಣ ಏಷ್ಯದವರಲ್ಲಿ 53, ಉಳಿದ ದೇಶಗಳವರಲ್ಲಿ 58.8 ಎಂದು ಕಂಡುಬಂದಿತ್ತು. ನಮ್ಮ ಪಟ್ಟಿಯನ್ನು ಆ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿದಾಗ ಅಣ್ಣನ 48 ಆಕಸ್ಮಿಕವೆನಿಸಲಿಲ್ಲ. ಅಮೆರಿಕದ ಹೃದ್ರೋಗ ತಜ್ಞರ ಕೊಲೆಸ್ಟ್ರಾಲ್ ಮಾರ್ಗಸೂಚಿ 2018ರಲ್ಲಿ ದಕ್ಷಿಣ ಏಷ್ಯದ ಮೂಲವನ್ನೂ, ಹತ್ತಿರದ ಗಂಡು ಬಂಧುವಿಗೆ 55ರೊಳಗೆ ಅಥವಾ ಹೆಣ್ಣು ಬಂಧುವಿಗೆ 65ರೊಳಗೆ ಹೃದ್ರೋಗ ಬಂದಿದ್ದನ್ನೂ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಗೆ ಸೇರಿಸಿದೆ. ಅಪ್ಪ ಹೋದದ್ದು 54ಕ್ಕೆ. ಆ ಒಂದು ಸಾಲನ್ನು ಅಣ್ಣ ಸರಿಯಾಗಿ ತುಂಬಿದ್ದರೆ ವೈದ್ಯರು ನಲವತ್ತನೇ ವಯಸ್ಸಿಗೇ ಅವನಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯ ಮಾತನ್ನಾಡುತ್ತಿದ್ದರೋ ಏನೋ. ನಾನು ಈಗ ಪ್ರತಿ ರಾತ್ರಿ ಆ ಮಾತ್ರೆ ನುಂಗುತ್ತೇನೆ, ಬೆಳಿಗ್ಗೆ ಶಾಲೆಗೆ ನಡೆದೇ ಹೋಗುತ್ತೇನೆ. ನಮ್ಮಲ್ಲಿ ಎದೆನೋವು ಬಂದರೆ ದೊಡ್ಡ ಚಿಕಿತ್ಸೆಗೆ ಮೈಸೂರಿನ ದಾರಿ ಹಿಡಿಯುವುದೇ ರೂಢಿ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡ ನಂತರ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ಹೃದಯಜ್ಯೋತಿ ಯೋಜನೆಯಲ್ಲಿ, ಯೋಜನೆಗೆ ಸೇರಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು ಮುಂದಿನ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಮಾಡಿದ್ದಾರೆ. ಆ ಚುಚ್ಚುಮದ್ದು ಸಿಗಬೇಕಾದರೂ ಮನೆಯವರು ಮೊದಲು ಅದನ್ನು ವಾಯುವೆಂದು ಕರೆಯುವುದನ್ನು ಬಿಡಬೇಕು.

ಇದೆಲ್ಲ ನಮ್ಮ ಮನೆಯಿಂದ ಹೊರಗೆ ಹೋದವರ ಮಾತಾಯಿತು. ನಮ್ಮಲ್ಲಿಗೆ ಬಂದವರ ಬಗ್ಗೆ ನಾನು ಯೋಚಿಸಲು ಆರಂಭಿಸಿದ್ದು ಇನ್ನೂ ತಡವಾಗಿ. ಅಪ್ಪ ಹಾಜರಿ ಕರೆಯುತ್ತಿದ್ದ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ಕೊಯ್ಲಿಗೆ, ಗಿಡ ಸವರುವ ಕಪಾತಿಗೆ, ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿಗೆ ಅವರಿಲ್ಲದೆ ಇಂದು ತೋಟಗಳು ನಡೆಯಲಾರವು. ನೋಡಿದವರು ಅವರನ್ನು ಗಟ್ಟಿಮುಟ್ಟಾದ ಜನವೆನ್ನುತ್ತಾರೆ. ದೂರದ ಕೆಲಸಕ್ಕೆ ಹೊರಡುವವರು ಊರಿನಲ್ಲಿ ಗಟ್ಟಿಯಾಗಿರುವವರೇ ಆಗಿರುತ್ತಾರೆ, ಕಾಯಿಲೆ ಬಿದ್ದವರು ಹಿಂದಿರುಗುತ್ತಾರೆ. ಆದ್ದರಿಂದ ಬಂದು ಸೇರಿದ ಊರಿನ ಲೆಕ್ಕದಲ್ಲಿ ವಲಸಿಗರು ಸಾಮಾನ್ಯವಾಗಿ ತಾವಿರುವುದಕ್ಕಿಂತ ಹೆಚ್ಚು ಆರೋಗ್ಯವಂತರಾಗಿ ಕಾಣುತ್ತಾರೆಂದು ಈ ವಿಷಯವನ್ನು ಅಧ್ಯಯನ ಮಾಡುವವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ನಮ್ಮ ಲೈನ್ ಮನೆಗಳಲ್ಲಿ ಅರುವತ್ತು ದಾಟಿದ ಅಸ್ಸಾಮಿ ಗಂಡಸನ್ನು ನಾನು ಕಂಡಿಲ್ಲ. ಅವರ ಹೃದಯ ನಿಲ್ಲುವುದಾದರೆ ಹಿಂದಿರುಗುವ ರೈಲಿನಲ್ಲಿ ಅಥವಾ ಹಿಂದಿರುಗಿದ ಊರಿನಲ್ಲಿ ನಿಲ್ಲುತ್ತದೆ. ಕೊಡಗಿನ ಯಾವ ದಾಖಲೆಯಲ್ಲಿಯೂ ಅದು ಬರುವುದಿಲ್ಲ.

ಕಳೆದ ವರ್ಷದ ಮಾರ್ಚಿನಲ್ಲಿ ಪಕ್ಕದ ತೋಟದ ಅಂಥ ಒಬ್ಬ ಕಾರ್ಮಿಕ ಮರಗಸಿ ಮಾಡುವಾಗ ತಲೆಸುತ್ತಿ ಕೊಂಬೆಯನ್ನು ಅಪ್ಪಿಕೊಂಡು ನಿಂತನಂತೆ. ಜೊತೆಯವರು ಇಳಿಸಿಕೊಂಡು ನಮ್ಮ ಮನೆಗೆ ಕರೆತಂದರು. ಅಣ್ಣನ ಘಟನೆಯ ನಂತರ ತಂದಿಟ್ಟುಕೊಂಡಿದ್ದ ಬಿಪಿ ಯಂತ್ರ ನನ್ನ ಬಳಿಯಿದೆಯೆಂದು ಅವರಿಗೆ ಗೊತ್ತಿತ್ತು. ಐದು ನಿಮಿಷ ಸುಮ್ಮನೆ ಕೂರಿಸಿ ನೋಡಿದಾಗ 176ಕ್ಕೆ 108. ಅವನಿಗೆ ನಲವತ್ತು ದಾಟಿರಲಿಲ್ಲ. ತಿನ್ಸುಕಿಯ ಕಡೆಯ ಚಹಾ ತೋಟದ ಕಾರ್ಮಿಕರ ಮನೆತನ; ಮುತ್ತಜ್ಜನ ಕಾಲದಲ್ಲಿ ಬ್ರಿಟಿಷರು ಇಂದಿನ ಜಾರ್ಖಂಡ್ ಕಡೆಯ ಛೋಟಾನಾಗಪುರದಿಂದ ಅಸ್ಸಾಮಿನ ತೋಟಗಳಿಗೆ ಕರೆತಂದವರು, ಈಗ ಅಲ್ಲಿಂದ ನಮ್ಮ ಕಾಫಿ ತೋಟಕ್ಕೆ. ನಾನು ಚಹಾ ಕೊಟ್ಟಾಗ ಅವನ ಹೆಂಡತಿ ಸಂಕೋಚದಿಂದ ಉಪ್ಪು ಕೇಳಿದಳು. ಅಸ್ಸಾಮಿನ ಚಹಾ ತೋಟಗಳಲ್ಲಿ ಬೆವರು ಸುರಿಸುವ ಕಾರ್ಮಿಕರಿಗೆ ಉಪ್ಪು ಹಾಕಿದ ಕರಿಚಹಾ ಕುಡಿಯುವ ರೂಢಿ ತಲೆಮಾರುಗಳಿಂದ ಬಂದಿದೆ. ಆ ಕಾರ್ಮಿಕರಲ್ಲಿ ಅಧಿಕ ರಕ್ತದೊತ್ತಡ ಬಹಳ ಹೆಚ್ಚಾಗಿರುವುದನ್ನು ದಿಬ್ರೂಗಢದ ಸಂಶೋಧಕರು ದಾಖಲಿಸಿದ್ದಾರೆ, ಅದಕ್ಕೆ ಉಪ್ಪನ್ನೂ ಕಾರಣವಾಗಿ ಹೇಳಿದ್ದಾರೆ. ಅಣ್ಣ ಕಾಚಂಪುಳಿಯ ಸೀಸೆಯನ್ನು ಒಯ್ದ ಹಾಗೆ ಇವರು ಇದನ್ನು ತಂದಿದ್ದಾರೆಂದು ನನಗೆ ಅನ್ನಿಸಿತು, ಉಪ್ಪು ಕೊಡದಿರಲು ಕೈ ಬಾರದೆ ಒಂದು ಚಿಟಿಕೆಗೆ ನಿಲ್ಲಿಸಿದೆ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವನಿಗೆ ಆಮ್ಲೊಡಿಪಿನ್ ಮಾತ್ರೆ ಆರಂಭಿಸಿದರು. ಮೂರು ವಾರಗಳಲ್ಲಿ ಒತ್ತಡ 142ಕ್ಕೆ ಇಳಿಯಿತು. ಅಷ್ಟರಲ್ಲಿ ತೋಟದ ಕೆಲಸ ಮುಗಿದು ಅವರು ಊರಿಗೆ ಹೊರಟರು. ಅಲ್ಲಿನ ವೈದ್ಯರಿಗೆ ತೋರಿಸಲೆಂದು ಮಾತ್ರೆಯ ಹೆಸರು, ಪ್ರಮಾಣ, ಅಳೆದ ದಿನಗಳ ಸಂಖ್ಯೆಗಳನ್ನು ನಾನು ಹಿಂದಿಯಲ್ಲಿ ಒಂದು ಚೀಟಿಯಲ್ಲಿ ಬರೆದೆ. ಬರೆಯುತ್ತಲೇ, ನಿನ್ನ ತಂದೆ ಹೇಗೆ ತೀರಿಕೊಂಡರು ಎಂದು ಕೇಳಿದೆ. ‘ಗ್ಯಾಸ್, ಟೀಚರಮ್ಮ’ ಎಂದ ಅವನು, ತನ್ನ ಎದೆಯ ನಡುವೆ ಅಂಗೈಯಿಟ್ಟು ತೋರಿಸಿದ. ಎಷ್ಟು ವಯಸ್ಸಾಗಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರುವವರು ಯಾರೆಂದು ಕೇಳಿದಾಗ ಜಗಲಿಯಲ್ಲೇ ನಿಂತು ತಾಯಿಗೆ ಫೋನು ಮಾಡಿದ. ಆ ಭಾಷೆ ನನಗೆ ಅರ್ಥವಾಗಲಿಲ್ಲ. ಆದರೆ ಆ ಕಡೆಯ ದನಿ ನಡುನಡುವೆ ನಿಂತು, ಹಿಂದಕ್ಕೆ ಹೋಗಿ, ಏನನ್ನೋ ಕೂಡಿಸಿಕೊಂಡು ಮುಂದೆ ಬರುತ್ತಿದ್ದ ರೀತಿ ಸೋದರತ್ತೆಯದೇ ಆಗಿತ್ತು. ದೊಡ್ಡಕ್ಕನ ಮದುವೆಯಾದ ವರ್ಷ, ಬ್ರಹ್ಮಪುತ್ರೆಯ ನೀರು ಅಂಗಳಕ್ಕೆ ಬಂದ ವರ್ಷದ ಹಿಂದಿನ ಚಳಿಗಾಲ ಎಂದು ಅವನು ನನಗೆ ತಿಳಿಸುತ್ತಾ ಹೋದ, ನಾನು ಎಣಿಸುತ್ತಾ ಹೋದೆ. ಚೀಟಿಯ ಹಿಂಬದಿಯಲ್ಲಿ ಹೀಗೆ ಬರೆದುಕೊಟ್ಟೆ: ತಂದೆ, ಸುಮಾರು 47 ವರ್ಷ, ಎದೆನೋವು, ಅದೇ ದಿನ ಸಾವು.